ಎರಡು ಡೇಟಾಬೇಸ್ ಇರುವಾಗ ಟೆಸ್ಟ್ ಯಾಕೆ ಬೀಳುತ್ತದೆ?

ಎಲ್ಲರಿಗೂ ನಮಸ್ಕಾರ.

ಜಾವಾದ ಸ್ಪ್ರಿಂಗ್ ಬೂಟ್ ಚೌಕಟ್ಟಿನಲ್ಲಿ ಬರೆದ ಅಪ್ಲಿಕೇಶನ್ ಚೆನ್ನಾಗಿ ಓಡುತ್ತಿರುತ್ತದೆ. ಟೆಸ್ಟ್ ಮಾತ್ರ ಶುರುವಾಗುವ ಮೊದಲೇ ಬೀಳುತ್ತದೆ. ಎರಡು ಡೇಟಾಬೇಸ್ ಇರುವ ಕಡೆ ಈ ಕಾಟ ಜಾಸ್ತಿ. ಆರ್ಡರ್‌ಗಳು ಪೋಸ್ಟ್‌ಗ್ರೆಸ್‌ನಲ್ಲಿವೆ, ವರದಿಗಳು ಮೈಎಸ್‌ಕ್ಯೂಎಲ್‌ನಲ್ಲಿವೆ ಅಂತ ಇಟ್ಟುಕೊಳ್ಳಿ. ಇವತ್ತಿನ ಮಾತಿಗೆ ಇದೇ ಉದಾಹರಣೆ.

ಮೊದಲು ಎರರ್ ಓದುವುದನ್ನು ನೋಡೋಣ. 'ಫೇಲ್ಡ್ ಟು ಲೋಡ್ ಅಪ್ಲಿಕೇಶನ್ ಕಂಟೆಕ್ಸ್ಟ್' ಅನ್ನುವ ಮೇಲಿನ ಸಾಲಿನಿಂದ ಏನೂ ಗೊತ್ತಾಗುವುದಿಲ್ಲ. ಬೀನ್ ಅಂದರೆ ಸ್ಪ್ರಿಂಗ್ ತಾನೇ ಕಟ್ಟಿ ಕೊಡುವ ಆಬ್ಜೆಕ್ಟ್, ಕಂಟೆಕ್ಸ್ಟ್ ಅಂದರೆ ಆ ಬೀನ್‌ಗಳೆಲ್ಲ ಇರುವ ಡಬ್ಬಿ. ನೇರ ಕೆಳಗಿಳಿದು ಕೊನೆಯ 'ಕಾಸ್ಡ್ ಬೈ' ಹುಡುಕಿ. ನಡುವೆ ಬರುವ ಅನ್‌ಸ್ಯಾಟಿಸ್‌ಫೈಡ್ ಡಿಪೆಂಡೆನ್ಸಿಗಳೆಲ್ಲ ಯಾವ ಬೀನ್ ಯಾವುದನ್ನು ಕೇಳಿತು ಅನ್ನುವ ಸರಪಳಿ ಅಷ್ಟೆ. ತುದಿಯಲ್ಲಿ ಹೆಚ್ಚಾಗಿ ಎರಡರಲ್ಲಿ ಒಂದು ಸಿಗುತ್ತದೆ. 'ನೋ ಸಚ್ ಬೀನ್' ಅಂದರೆ ಕೇಳಿದ್ದು ಇಲ್ಲ. 'ನೋ ಯೂನಿಕ್ ಬೀನ್' ಅಂದರೆ ಒಂದು ಕೇಳಿದರೆ ಎರಡು ಸಿಕ್ಕಿವೆ, ಯಾವುದನ್ನು ಕೊಡಬೇಕೋ ಸ್ಪ್ರಿಂಗ್‌ಗೆ ಗೊತ್ತಿಲ್ಲ.

ಎರಡನೆಯದು ಸುಲಭ. ಡೇಟಾಬೇಸ್‌ಗೆ ಸಂಪರ್ಕ ಕೊಡುವ ಬೀನ್ ಡೇಟಾಸೋರ್ಸ್. ಒಂದು ಡೇಟಾಸೋರ್ಸ್‌ಗೆ ಪ್ರೈಮರಿ ಅನೊಟೇಶನ್, ಅಂದರೆ ಮೊದಲ ಆಯ್ಕೆ ಇದು ಅನ್ನುವ ಗುರುತು ಹಾಕಿ, ಇನ್ನೊಂದನ್ನು ಕ್ವಾಲಿಫೈಯರ್ ಕೊಟ್ಟು ಹೆಸರಿನಿಂದ ಕೇಳಿ. ಜಾವಾ ಆಬ್ಜೆಕ್ಟ್‌ಗಳನ್ನು ಟೇಬಲ್‌ಗಳಿಗೆ ಜೋಡಿಸುವ ಎಂಟಿಟಿ ಮ್ಯಾನೇಜರ್ ಫ್ಯಾಕ್ಟರಿ, ಬರೆದದ್ದನ್ನು ಉಳಿಸುವ ಇಲ್ಲವೇ ರದ್ದು ಮಾಡುವ ಟ್ರಾನ್ಸಾಕ್ಷನ್ ಮ್ಯಾನೇಜರ್‌ಗಳಿಗೂ ಹೀಗೇ ಮಾಡಬೇಕು. ಆದರೆ ಕನ್‌ಸ್ಟ್ರಕ್ಟರ್‌ನಂಥ ಕೋಡನ್ನು ತಾನೇ ಬರೆದುಕೊಡುವ ಲಾಂಬೋಕ್ ಲೈಬ್ರರಿ ಬಳಸುವವರು ಇಲ್ಲಿ ಹುಷಾರಾಗಿರಿ. ಫೀಲ್ಡ್ ಮೇಲೆ ನೀವು ಹಾಕಿದ ಕ್ವಾಲಿಫೈಯರ್ ಅನ್ನು ಲಾಂಬೋಕ್ ತಾನು ಬರೆಯುವ ಕನ್‌ಸ್ಟ್ರಕ್ಟರ್‌ಗೆ ತಾನಾಗಿ ನಕಲು ಮಾಡುವುದಿಲ್ಲ. ಹಾಗೆ ಮಾಡು ಅಂತ ಲಾಂಬೋಕ್ ಕಾನ್ಫಿಗ್ ಫೈಲಿನಲ್ಲಿ ಹೇಳಬೇಕು. ಹೇಳದಿದ್ದರೆ ವರದಿ ಸರ್ವೀಸ್‌ಗೆ ಪ್ರೈಮರಿ, ಅಂದರೆ ಆರ್ಡರ್ ಡೇಟಾಬೇಸ್ ಸಿಗಬಹುದು. ಆಗ ಬೀನ್ ಎರರ್ ಬರುವುದೇ ಇಲ್ಲ. 'ಟೇಬಲ್ ಇಲ್ಲ' ಅನ್ನುವ ಎರರ್ ಬರುತ್ತದೆ, ನೀವು ಟೇಬಲ್ ಕಟ್ಟುವ ಮೈಗ್ರೇಶನ್ ಫೈಲುಗಳಲ್ಲಿ ತಪ್ಪು ಹುಡುಕುತ್ತಾ ಕೂರುತ್ತೀರಿ.

ಈಗ 'ನೋ ಸಚ್ ಬೀನ್'. ಅಪ್ಲಿಕೇಶನ್‌ನಲ್ಲಿ ಇರುವ ಬೀನ್ ಟೆಸ್ಟ್‌ನಲ್ಲಿ ಯಾಕೆ ಇಲ್ಲ? ಯಾಕೆಂದರೆ ಟೆಸ್ಟ್‌ನ ಕಂಟೆಕ್ಸ್ಟ್ ಬೇರೆ. ನಾನು ಇವತ್ತು ಒತ್ತಿ ಹೇಳಬೇಕಾಗಿರುವುದು ಇದನ್ನೇ. ಡೇಟಾಬೇಸ್ ಕೋಡನ್ನಷ್ಟೇ ಪರೀಕ್ಷಿಸಲು ಹಾಕುವ ಡೇಟಾ ಜೆಪಿಎ ಟೆಸ್ಟ್ ಅನ್ನುವ ಅನೊಟೇಶನ್ ಅಪ್ಲಿಕೇಶನ್‌ನ ಒಂದು ತುಂಡನ್ನು ಮಾತ್ರ ಎಬ್ಬಿಸುತ್ತದೆ. ಸ್ಕ್ಯಾನ್ ಮಾಡುವಾಗ ಸರ್ವೀಸ್, ಕಾಂಪೊನೆಂಟ್‌ಗಳನ್ನು ಬಿಡುತ್ತದೆ. ಕಾನ್ಫಿಗರೇಶನ್ ಕ್ಲಾಸ್‌ಗಳನ್ನೂ ಬಿಡುತ್ತದೆ. ನೀವು ಕೈಯಾರೆ ಬರೆದ ಎರಡು ಡೇಟಾಸೋರ್ಸ್‌ಗಳು ಇರುವುದು ಅಲ್ಲೇ ಅಲ್ವಾ? ಆ ಎರಡೂ ಕ್ಲಾಸ್‌ಗಳನ್ನು ಟೆಸ್ಟ್ ಮೇಲೆ ಇಂಪೋರ್ಟ್ ಅನೊಟೇಶನ್‌ನಲ್ಲಿ ಹೆಸರಿಸಿ. ಜೆಪಿಎ ರೆಪಾಸಿಟರಿಗಳನ್ನು ಆನ್ ಮಾಡುವ ಅನೊಟೇಶನ್ ಮೇನ್ ಕ್ಲಾಸ್ ಮೇಲೆ ಇದ್ದರೆ, ತೆಗೆದು ಆಯಾ ಕಾನ್ಫಿಗರೇಶನ್ ಕ್ಲಾಸ್‌ಗೆ ಹಾಕಿ. ಯಾವ ಪ್ಯಾಕೇಜ್, ಯಾವ ಎಂಟಿಟಿ ಮ್ಯಾನೇಜರ್ ಫ್ಯಾಕ್ಟರಿ, ಯಾವ ಟ್ರಾನ್ಸಾಕ್ಷನ್ ಮ್ಯಾನೇಜರ್ ಅಂತ ಅಲ್ಲೇ ಬರೆಯಿರಿ.

ಇಂಪೋರ್ಟ್ ಮಾಡದಿದ್ದರೂ ಕೆಲವೊಮ್ಮೆ ಟೆಸ್ಟ್ ಪಾಸ್ ಆಗುತ್ತದೆ. ನನಗೆ ಎರರ್‌ಗಿಂತ ಇದರ ಭಯವೇ ಜಾಸ್ತಿ. ಎಚ್‌2 ಅನ್ನುವ ಎಂಬೆಡೆಡ್ ಡೇಟಾಬೇಸ್, ಅಂದರೆ ಅಪ್ಲಿಕೇಶನ್ ಒಳಗೇ ಓಡುವಂಥದ್ದು, ಕ್ಲಾಸ್‌ಪಾತ್‌ನಲ್ಲಿದ್ದರೆ ಸ್ಪ್ರಿಂಗ್ ಬೂಟ್ ತಾನೇ ಒಂದು ಡೇಟಾಬೇಸ್ ಎಬ್ಬಿಸಿ, ಆರ್ಡರ್, ವರದಿ ಎರಡನ್ನೂ ಅದರೊಳಗೇ ಹಾಕುತ್ತದೆ. ಟೆಸ್ಟ್ ಹಸಿರು. ಎರಡು ಡೇಟಾಬೇಸ್‌ಗಳ ಜೋಡಣೆ ಮಾತ್ರ ಒಮ್ಮೆಯೂ ಪರೀಕ್ಷೆ ಆಗಿರುವುದಿಲ್ಲ.

ಇಂಪೋರ್ಟ್ ಮಾಡಿದ ಮೇಲೂ ಒಂದು ಅಪಾಯ ಉಳಿಯುತ್ತದೆ. ಡೇಟಾ ಜೆಪಿಎ ಟೆಸ್ಟ್ ನಿಮ್ಮ ಡೇಟಾಸೋರ್ಸ್ ತೆಗೆದು ಎಂಬೆಡೆಡ್ ಡೇಟಾಬೇಸ್ ಕೂರಿಸುತ್ತದೆ. ಹೀಗೆ ಬದಲಾಗುವುದು ಪ್ರೈಮರಿ ಮಾತ್ರ. ಎರಡನೆಯದು ಪ್ರಾಪರ್ಟೀಸ್ ಫೈಲಿನಲ್ಲಿರುವ ವಿಳಾಸಕ್ಕೇ ಹೋಗುತ್ತದೆ. ಆ ವಿಳಾಸ ಯಾವುದು ಅಂತ ದಯವಿಟ್ಟು ಒಮ್ಮೆ ತೆರೆದು ನೋಡಿ.

ಅದಕ್ಕೇ ನಾನು ಈ ಬದಲಾವಣೆಯನ್ನೇ ಆಫ್ ಮಾಡಿ ಅನ್ನುತ್ತೇನೆ. ಆಟೋ ಕಾನ್ಫಿಗರ್ ಟೆಸ್ಟ್ ಡೇಟಾಬೇಸ್ ಅನೊಟೇಶನ್‌ನಲ್ಲಿ ರಿಪ್ಲೇಸ್‌ಗೆ 'ನನ್' ಕೊಡಿ. ಟೆಸ್ಟ್‌ಗೆಂದೇ ನಿಜವಾದ ಡೇಟಾಬೇಸ್‌ಗಳನ್ನು ಕಂಟೇನರ್‌ನಲ್ಲಿ ಓಡಿಸುವ ಟೆಸ್ಟ್‌ಕಂಟೇನರ್ಸ್ ಲೈಬ್ರರಿಯಿಂದ ಒಂದು ಪೋಸ್ಟ್‌ಗ್ರೆಸ್, ಒಂದು ಮೈಎಸ್‌ಕ್ಯೂಎಲ್ ಎಬ್ಬಿಸಿ. ವಿಳಾಸಗಳನ್ನು, ಟೆಸ್ಟ್ ಓಡುವಾಗಲೇ ಪ್ರಾಪರ್ಟಿ ತುಂಬುವ ಡೈನಾಮಿಕ್ ಪ್ರಾಪರ್ಟಿ ಸೋರ್ಸ್ ಅನೊಟೇಶನ್ ಮೂಲಕ ಕೊಡಿ. ಡೇಟಾಬೇಸ್ ಸಂಪರ್ಕಗಳನ್ನು ತೆರೆದಿಟ್ಟು ಹಂಚುವ ಹಿಕಾರಿ ಪೂಲ್‌ಗೆ ಪ್ರಾಪರ್ಟಿಗಳನ್ನು ನೇರವಾಗಿ ಬೈಂಡ್ ಮಾಡಿದ್ದರೆ ಕೀ ಹೆಸರು 'ಯುಆರ್‌ಎಲ್' ಅಲ್ಲ, 'ಜೆಡಿಬಿಸಿ ಯುಆರ್‌ಎಲ್'.

ಕೊನೆಯದಾಗಿ ರೋಲ್‌ಬ್ಯಾಕ್, ಅಂದರೆ ಟೆಸ್ಟ್ ಬರೆದದ್ದನ್ನು ಡೇಟಾಬೇಸ್‌ನಿಂದ ರದ್ದು ಮಾಡುವುದು. ಟೆಸ್ಟ್ ಮುಗಿದಾಗ ವಾಪಸ್ ಆಗುವುದು ಒಂದೇ ಟ್ರಾನ್ಸಾಕ್ಷನ್ ಮ್ಯಾನೇಜರ್‌ನ ಕೆಲಸ. ಹೆಸರು ಹೇಳದಿದ್ದರೆ ಅದು ಪ್ರೈಮರಿಯದು. ವರದಿ ರೆಪಾಸಿಟರಿಯಲ್ಲಿ ಸೇವ್ ಮಾಡಿದ ಸಾಲು ಕಮಿಟ್ ಆಗಿ ಅಲ್ಲೇ ಉಳಿಯುತ್ತದೆ. ಮುಂದಿನ ಟೆಸ್ಟ್ ಕಾರಣವಿಲ್ಲದೆ ಬಿದ್ದ ಹಾಗೆ ಕಾಣುತ್ತದೆ. ವರದಿಯನ್ನಷ್ಟೇ ಮುಟ್ಟುವ ಟೆಸ್ಟ್ ಆದರೆ ಟ್ರಾನ್ಸಾಕ್ಷನಲ್ ಅನೊಟೇಶನ್‌ನಲ್ಲಿ ವರದಿಯ ಮ್ಯಾನೇಜರ್ ಹೆಸರು ಕೊಡಿ. ಎರಡೂ ಕಡೆ ಬರೆಯುವ ಟೆಸ್ಟ್ ಆದರೆ, 'ಬಿಫೋರ್ ಈಚ್' ಮೆಥಡ್‌ನಲ್ಲಿ ವರದಿ ಟೇಬಲ್‌ಗಳನ್ನು ನೀವೇ ಖಾಲಿ ಮಾಡಿ.