ಕಾಪಾಡಲು ಇಳಿಯುವ ಮುಂಚೆ

ಕೇಳುಗರಿಗೆ ನಮಸ್ಕಾರ.

ಮೊದಲು ನಿಮಗೊಂದು ಪ್ರಶ್ನೆ. ನೀವು ಒಂದು ದೊಡ್ಡ ಟ್ಯಾಂಕಿನ ಬಾಯಿ ಹತ್ತಿರ ನಿಂತಿದ್ದೀರಿ. ನಿಮ್ಮ ಜೊತೆಗಾರ ಒಳಗೆ ಕ್ಲೀನ್ ಮಾಡಲು ಇಳಿದಿದ್ದಾನೆ. ಇಷ್ಟು ಹೊತ್ತು ಏನೋ ಮಾತಾಡುತ್ತಿದ್ದವನು ಇದ್ದಕ್ಕಿದ್ದಂತೆ ಸುಮ್ಮನಾದ. ಬಗ್ಗಿ ನೋಡಿದರೆ ತಳದಲ್ಲಿ ಕುಸಿದು ಬಿದ್ದಿದ್ದಾನೆ. ಏಣಿ ಅಲ್ಲೇ ಇದೆ. ಏನು ಮಾಡುತ್ತೀರಿ?

ಇಳಿದೇ ಇಳಿಯುತ್ತೀರಿ, ಅಲ್ವಾ? ಕಣ್ಣೆದುರು ಬಿದ್ದವನನ್ನು ಬಿಟ್ಟು ನಿಲ್ಲಲು ಯಾರಿಗೆ ಮನಸ್ಸು ಬರುತ್ತದೆ? ಆದರೆ ಹಾಗೆ ಇಳಿದವನೂ ಅಲ್ಲೇ ಬೀಳುತ್ತಾನೆ. ಅವನ ಹಿಂದೆ ಇನ್ನೊಬ್ಬ. ಟ್ಯಾಂಕು, ಗುಂಡಿ, ಮ್ಯಾನ್‌ಹೋಲಿನಂಥ ಇಕ್ಕಟ್ಟಿನ ಜಾಗಗಳ ಸಾವುಗಳ ಬಗ್ಗೆ ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಶೋಧನಾ ಸಂಸ್ಥೆ ನಿಯೋಶ್ 1986ರಲ್ಲಿ ಒಂದು ಎಚ್ಚರಿಕೆ ಹೊರಡಿಸಿತು. ಅಂಥ ಕಡೆ ಸತ್ತವರಲ್ಲಿ ನೂರಕ್ಕೆ 60ಕ್ಕಿಂತ ಜಾಸ್ತಿ ಮಂದಿ ಕಾಪಾಡಲು ಹೋದವರು ಅಂತ ಅದರಲ್ಲಿತ್ತು. ಒಳ್ಳೆಯ ಮನಸ್ಸೇ ಅವರ ಜೀವ ತೆಗೆಯಿತು.

ಒಳಗೆ ಏನಿರುತ್ತದೆ ಗೊತ್ತಾ? ಎಷ್ಟೋ ಸಲ ಏನೂ ಇರುವುದಿಲ್ಲ. ಅದೇ ತೊಂದರೆ. ನಾವು ಉಸಿರಾಡುವ ಗಾಳಿಯಲ್ಲಿ ನೂರಕ್ಕೆ ಸುಮಾರು 21 ಭಾಗ ಆಮ್ಲಜನಕ. ಮುಚ್ಚಿಟ್ಟ ಕಬ್ಬಿಣದ ಟ್ಯಾಂಕು ಒಳಗೊಳಗೇ ತುಕ್ಕು ಹಿಡಿಯುತ್ತಾ ಆ ಆಮ್ಲಜನಕವನ್ನು ತಿಂದುಬಿಡುತ್ತದೆ. ಅದು 6 ಭಾಗಕ್ಕಿಂತ ಕೆಳಗಿಳಿದಿದ್ದರೆ ಕೆಲವೇ ಉಸಿರಿಗೆ ಎಚ್ಚರ ತಪ್ಪುತ್ತದೆ. ಉಸಿರು ಕಟ್ಟಿದ ಹಾಗೂ ಅನಿಸುವುದಿಲ್ಲ. ಕೊಳಚೆ ಗುಂಡಿಯ ಹೈಡ್ರೋಜನ್ ಸಲ್ಫೈಡ್ ಇನ್ನೂ ಮೋಸದ್ದು. ಕಡಿಮೆ ಇದ್ದಾಗ ಕೊಳೆತ ಮೊಟ್ಟೆಯ ನಾತ ಹೊಡೆಯುತ್ತದೆ. ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಅದು 100 ಪಾಲು ಆಯಿತೆಂದರೆ ವಾಸನೆ ಹಿಡಿಯುವ ಶಕ್ತಿಯೇ ಸತ್ತುಹೋಗುತ್ತದೆ. ಹೊರಗೆ ನಿಂತವನು 'ನಾತ ಹೋಯ್ತು, ಇನ್ನು ಇಳಿಯಬಹುದು' ಅಂದುಕೊಳ್ಳುತ್ತಾನೆ.

ಇದನ್ನೇ ನಾನು ಹೇಳಬೇಕೆಂದಿರುವುದು. ಅಪಾಯದ ಹೊತ್ತಿನಲ್ಲಿ ನಮ್ಮ ಮೂಗು, ಮನಸ್ಸು, ಕೈ ಎಲ್ಲವೂ ತಪ್ಪು ಸಲಹೆ ಕೊಡುತ್ತವೆ. ಆ ಸಲಹೆಯನ್ನು ಮೀರಿ ಕೈ ಬೇರೆ ಕೆಲಸ ಮಾಡಬೇಕು. ಅದಕ್ಕೆ ಅಭ್ಯಾಸ ಬೇಕು. ಓದಿದರೆ ಸಾಲದು.

ನನ್ನದೇ ಕಥೆ ಹೇಳುತ್ತೇನೆ. ಕೆಲಸಕ್ಕೆ ಸೇರಿದ ದಿನ ನಮ್ಮನ್ನು ಒಂದು ಕೋಣೆಯಲ್ಲಿ ಕೂರಿಸಿ ಎರಡು ಗಂಟೆ ಪರದೆ ಮೇಲೆ ಚಿತ್ರ ತೋರಿಸಿದರು. ಅರ್ಧ ಜನ ತೂಕಡಿಸಿದರು, ನಾನೂ ಸೇರಿ. ಕೊನೆಗೆ ರಿಜಿಸ್ಟರಿನಲ್ಲಿ ಸಹಿ. ಮೂರನೇ ವಾರ ಕನ್ವೇಯರ್ ಬೆಲ್ಟಿಗೆ ಏನೋ ಸಿಕ್ಕಿಕೊಂಡಿತು. ನಾನು ಸ್ವಿಚ್ ಆಫ್ ಮಾಡಿ ಕೈ ಹಾಕಿದೆ. ಆಚೆ ತುದಿಯಲ್ಲಿದ್ದವನಿಗೆ ನಾನು ಕಾಣುವ ಹಾಗಿರಲಿಲ್ಲ. ಬೆಲ್ಟ್ ಯಾಕೆ ನಿಂತಿತು ಅಂತ ಪಾಪ ಅವನು ಸ್ವಿಚ್ ಒತ್ತಿದ. ರೋಲರ್ ನನ್ನ ಗ್ಲೌಸ್ ಎಳೆದುಕೊಂಡಿತು. ಗ್ಲೌಸ್ ಸ್ವಲ್ಪ ದೊಡ್ಡದಿತ್ತು, ಕಳಚಿಕೊಂಡಿತು. ಬೆರಳಿನ ಉಗುರೊಂದು ಹೋಯಿತು, ಕೈ ಉಳಿಯಿತು.

ಮರುದಿನ ಒಬ್ಬ ಹಿರಿಯ ಫಿಟ್ಟರ್ ನನ್ನ ಕೈಗೆ ಒಂದು ಕೆಂಪು ಬೀಗ ಕೊಟ್ಟರು. ಮೇನ್ ಸ್ವಿಚ್ ಇಳಿಸು, ಬೀಗ ಜಡಿ, ಕೀಲಿ ನಿನ್ನ ಜೇಬಿನಲ್ಲೇ ಇರಲಿ ಅಂದರು. ಆಮೇಲೆ ಸ್ಟಾರ್ಟ್ ಬಟನ್ ಒತ್ತಿ, ಯಂತ್ರ ನಿಜಕ್ಕೂ ಸತ್ತಿದೆಯಾ ಅಂತ ನೋಡು ಅಂದರು. ಹತ್ತು ಸಲ ಮಾಡಿಸಿದರು. ನಾಲ್ಕನೇ ಸಲಕ್ಕೇ ನನಗೆ ಬೇಜಾರಾಗಿತ್ತು. ಅವರು ಬಿಡಲಿಲ್ಲ. ಆ ಎರಡು ಗಂಟೆಯ ಚಿತ್ರಗಳಲ್ಲಿ ಬೀಗವೂ ಇತ್ತಂತೆ. ನನಗೆ ನೆನಪೇ ಇಲ್ಲ.

ಹೊಸಬರಿಗೇ ಏಟು ಜಾಸ್ತಿ ಬೀಳುವುದು. ಕೆನಡಾದಲ್ಲಿ ನಡೆದ ಅಧ್ಯಯನಗಳ ಪ್ರಕಾರ, ಕೆಲಸದ ಮೊದಲ ತಿಂಗಳಲ್ಲಿ ಗಾಯವಾಗುವ ಸಾಧ್ಯತೆ ಒಂದು ವರ್ಷ ಪಳಗಿದವರಿಗಿಂತ ಮೂರು ಪಟ್ಟು ಹೆಚ್ಚು. ಹಾಗಂತ ಹಳಬರು ನಿಶ್ಚಿಂತೆಯಾಗಿರುವಂತಿಲ್ಲ.

1988ರ ಜುಲೈ 6ರ ರಾತ್ರಿ ಉತ್ತರ ಸಮುದ್ರದ ಪೈಪರ್ ಆಲ್ಫಾ ತೈಲ ವೇದಿಕೆಯಲ್ಲಿ ಆಗಿದ್ದು ನೋಡಿ. ಒಂದು ಪಂಪಿನ ಸೇಫ್ಟಿ ವಾಲ್ವನ್ನು ರಿಪೇರಿಗೆ ಬಿಚ್ಚಿದ್ದರು. ಆ ಸುದ್ದಿ ರಾತ್ರಿ ಪಾಳಿಯವರಿಗೆ ಮುಟ್ಟಲಿಲ್ಲ. ಅವರು ಪಂಪ್ ಶುರು ಮಾಡಿದರು. ಗ್ಯಾಸ್ ಸೋರಿ ಸ್ಫೋಟವಾಯಿತು. ನನ್ನ ಬೆಲ್ಟಿನದೇ ಕಥೆ, ಆದರೆ ಅಲ್ಲಿ ಸತ್ತವರು 167 ಜನ. ಎಷ್ಟೋ ಮಂದಿ ವಸತಿ ಕೋಣೆಗಳಲ್ಲಿ ಯಾರಾದರೂ ಏನಾದರೂ ಹೇಳುತ್ತಾರೆ ಅಂತ ಕಾಯುತ್ತಾ ಹೊಗೆಯಲ್ಲಿ ಸತ್ತರು. ಬದುಕಿದ 61 ಮಂದಿಯಲ್ಲಿ ಹಲವರು ಸಮುದ್ರಕ್ಕೆ ಹಾರಿದವರು, ಹಗ್ಗ ಹಿಡಿದು ಇಳಿದವರು. ಅಲ್ಲಿ ತುರ್ತು ತರಬೇತಿ ತೀರಾ ಸಾಲದಾಗಿತ್ತು ಅಂತ ತನಿಖೆ ನಡೆಸಿದ ಲಾರ್ಡ್ ಕಲನ್ 1990ರ ವರದಿಯಲ್ಲಿ ಬರೆದರು.

ಯುದ್ಧಕಾಲೇ ಶಸ್ತ್ರಾಭ್ಯಾಸ ಅಂತ ನಾವು ನಗುತ್ತೇವಲ್ಲ, ಬೆಂಕಿ ಆರಿಸುವ ಸಿಲಿಂಡರ್ ಮುಂದೆ ನಮ್ಮ ಪಾಡು ಅದೇ. ಪಿನ್ ಎಳೆಯದೇ ಹಿಡಿಯನ್ನು ಒತ್ತುತ್ತಲೇ ಇದ್ದವರನ್ನು ನೋಡಿದ್ದೇನೆ. ಜೋರಾಗಿ ಒತ್ತಿದಷ್ಟೂ ಪಿನ್ ಬಿಗಿಯಾಗುತ್ತದೆ. ಗಾಬರಿಯಾದಷ್ಟೂ ಜೋರಾಗಿ ಒತ್ತುತ್ತೇವೆ.

ಒಂದು ಮಾತು ಮಾಲೀಕರಿಗೂ ಹೇಳಬೇಕು, ಬೇಸರ ಬೇಡ. ತರಬೇತಿ ಕೊಟ್ಟಿದ್ದೇವೆ ಅನ್ನುವುದು ಯಂತ್ರದ ಮುರಿದ ಗಾರ್ಡಿಗೆ, ಅಂದರೆ ಕೈ ಸಿಕ್ಕದಂತೆ ತಡೆಯುವ ಕವಚಕ್ಕೆ, ತೇಪೆ ಅಲ್ಲ. ಯಂತ್ರದ ಬಾಯಿ ತೆರೆದೇ ಇಟ್ಟು 'ಹುಷಾರು' ಅಂತ ಬೋರ್ಡ್ ಹಾಕಿದರೆ ಅದು ಸುರಕ್ಷತೆಯಲ್ಲ. ಟ್ಯಾಂಕಿಗೆ ಮನುಷ್ಯ ಇಳಿಯದೆಯೇ ಹೊರಗಿನಿಂದ ತೊಳೆಯಲು ಆಗುತ್ತದಾ? ಮೊದಲು ಅದನ್ನು ನೋಡಿ. ಇಳಿಯಲೇಬೇಕು ಅಂದಾಗ ತರಬೇತಿಯ ಮಾತು. ಅದೂ ಕೆಲಸಗಾರನಿಗೆ ಅರ್ಥವಾಗುವ ಭಾಷೆಯಲ್ಲಿ, ಕೆಲಸದ ಹೊತ್ತಿನಲ್ಲೇ, ಸಂಬಳ ಹಿಡಿಯದೆ.

ನಾನು ತರಬೇತಿ ಕೊಡಲು ಶುರು ಮಾಡಿದ ಮೇಲೆ ಪರದೆ, ಚಿತ್ರ ಎಲ್ಲ ಕಡಿಮೆ ಮಾಡಿದೆ. ಮರಳು ತುಂಬಿದ 70 ಕಿಲೋದ ಒಂದು ಗೊಂಬೆ ಮಾಡಿಸಿದೆವು. ಅದಕ್ಕೆ ಹಾರ್ನೆಸ್, ಅಂದರೆ ಹಗ್ಗ ಸಿಕ್ಕಿಸಲು ಮೈಗೆ ಬಿಗಿಯುವ ಪಟ್ಟಿ, ಕಟ್ಟಿ ಖಾಲಿ ಟ್ಯಾಂಕಿನೊಳಗೆ ಇಳಿಸಿ, 'ನಿಮ್ಮವನು ಬಿದ್ದ' ಅಂತ ಕೂಗಿದೆ. ಕೂಗಿದ್ದೇ ತಡ, ಒಬ್ಬ ಹುಡುಗ ಏಣಿ ಮೇಲೆ ಕಾಲಿಟ್ಟೇಬಿಟ್ಟ. ಗೊಂಬೆ ಅಂತ ಗೊತ್ತಿದ್ದೂ! ಅವನನ್ನು ಹಿಡಿದು ನಿಲ್ಲಿಸಿ, ಮೊದಲು ಸಹಾಯಕ್ಕೆ ಕೂಗಿಸಿದೆ. ಆಮೇಲೆ ಮೂರು ಕಾಲಿನ ಸ್ಟ್ಯಾಂಡು, ರಾಟೆ, ಹಗ್ಗ. ಹೊರಗೆ ನಿಂತೇ ಎಳೆಯಬೇಕು. ಮೊದಲ ಸಲ ಗೊಂಬೆ ಮೇಲೆ ಬರಲು 11 ನಿಮಿಷ ಹಿಡಿಯಿತು. ಹಗ್ಗ ಸಿಕ್ಕಾಯಿತು, ಕೊಕ್ಕೆ ಯಾರ ಹತ್ತಿರ ಇದೆ ಅಂತಲೇ ಗೊತ್ತಾಗಲಿಲ್ಲ. ಉಸಿರು ನಿಂತವನ ಮಿದುಳು ನಾಲ್ಕೈದು ನಿಮಿಷಕ್ಕೇ ಕೆಡಲು ಶುರುವಾಗುತ್ತದೆ ಅಂದೆ. ಯಾರೂ ಮಾತಾಡಲಿಲ್ಲ. ಅವರೇ ಗೊಂಬೆಯನ್ನು ಮತ್ತೆ ಇಳಿಸಿದರು.

ಸಂಜೆ ಹೊತ್ತಿಗೆ, ಐದನೇ ಸಲ, ಮೂರೂವರೆ ನಿಮಿಷ. ಗಡಿಯಾರ ಹಿಡಿದಿದ್ದವನು ಆ ಏಣಿ ಹತ್ತಿದ ಹುಡುಗನೇ. ರಾತ್ರಿ ಪಾಳಿಯವರು ಆಗಷ್ಟೇ ಒಳಗೆ ಬರುತ್ತಿದ್ದರು. ಅವರಿಗಾಗಿ ಗೊಂಬೆಯನ್ನು ಇನ್ನೊಮ್ಮೆ ಇಳಿಸಿದೆವು.

ನಮಸ್ಕಾರ.