ಗಲ್ಫಿನಿಂದ ಬಂದ ಎಕಿನೇಸಿಯಾ ಬಾಟಲಿ

ಕೇಳುಗರಿಗೆಲ್ಲ ನಮಸ್ಕಾರ.

ಮಳೆಗಾಲ ಹಿಡಿಯಿತೆಂದರೆ ನಮ್ಮ ಕಾಸರಗೋಡಿನ ಕಡೆ ಶೀತ, ಕೆಮ್ಮು, ಜ್ವರ ಇಲ್ಲದ ಮನೆಯೇ ಇಲ್ಲ. ಕುಂಬಳೆ, ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಎಲ್ಲಿಗೆ ಹೋದರೂ ಮೆಡಿಕಲ್ ಶಾಪಿನ ಎದುರು ಕೊಡೆ ಮಡಚುತ್ತಾ ನಿಂತವರು ಕಾಣುತ್ತಾರೆ. ನಾನು ಅಂಥ ಒಂದು ಅಂಗಡಿಯಲ್ಲಿ ಔಷಧಿ ಕೊಡುವವನು. ಈಚಿನ ಕೆಲವು ವರ್ಷಗಳಿಂದ ಜನ ಔಷಧಿ ಕೇಳುವುದರ ಜೊತೆಗೆ, ಮನೆಯಲ್ಲಿರುವ ಔಷಧಿಯನ್ನು ತಂದು ತೋರಿಸುವುದೂ ಜಾಸ್ತಿಯಾಗಿದೆ. ದುಬೈ, ಶಾರ್ಜಾ, ದೋಹಾದಿಂದ ರಜೆಗೆ ಬರುವ ಮಕ್ಕಳು, ಅಳಿಯಂದಿರು ಖರ್ಜೂರ, ಬಾದಾಮಿ, ನೋವಿನ ಮುಲಾಮಿನ ಜೊತೆ ಒಂದು ಪ್ಲಾಸ್ಟಿಕ್ ಬಾಟಲಿಯನ್ನೂ ತರುತ್ತಾರೆ. ಮೇಲೆ ನೇರಳೆ ಹೂವಿನ ಚಿತ್ರ. ಹೆಸರು ಎಕಿನೇಸಿಯಾ. "ಇದು ಇಮ್ಯೂನಿಟಿಗೆ ಒಳ್ಳೆಯದಂತೆ, ದಿನಾ ತೆಗೆದುಕೊಳ್ಳಬಹುದಾ?" ಇದೇ ಪ್ರಶ್ನೆ.

ಇಮ್ಯೂನಿಟಿ, ಅಂದರೆ ರೋಗನಿರೋಧಕ ಶಕ್ತಿ, ಅನ್ನುವ ಮಾತು ಮನೆಮನೆಗೆ ಬಂದದ್ದು ಕೊರೋನಾ ಕಾಲದಲ್ಲಿ. 2020ರಲ್ಲಿ ಕೇರಳ-ಕರ್ನಾಟಕದ ನಡುವಿನ ತಲಪಾಡಿ ಗಡಿ ಮುಚ್ಚಿ, ಮಂಗಳೂರಿನ ಆಸ್ಪತ್ರೆಗೆ ಹೋಗುವ ದಾರಿಯೇ ಇಲ್ಲದಂತಾದ ದಿನಗಳನ್ನು ಈ ಭಾಗದಲ್ಲಿ ಯಾರೂ ಮರೆತಿಲ್ಲ. ಆಸ್ಪತ್ರೆ ಕೈಗೆಟುಕದಾಗ ಮನೆಯಲ್ಲೇ ಏನಾದರೂ ಇರಲಿ ಅಂತ ಅನ್ನಿಸುವುದು ಸಹಜ. ಮಕ್ಕಳು ದೂರದಿಂದ ಬಾಟಲಿ ತರುವುದೂ ಅದೇ ಚಿಂತೆಯಿಂದ, ಪ್ರೀತಿಯಿಂದ. ಹಾಗಾಗಿ ಆ ಬಾಟಲಿಯನ್ನು ಹಗುರವಾಗಿ ನೋಡುವುದು ಸರಿಯಲ್ಲ. ಅದರೊಳಗೆ ಏನಿದೆ, ಅದರಿಂದ ಎಷ್ಟಾಗುತ್ತದೆ ಅಂತ ಸರಿಯಾಗಿ ತಿಳಿದುಕೊಳ್ಳೋಣ.

ಎಕಿನೇಸಿಯಾ ಉತ್ತರ ಅಮೆರಿಕದ ಗಿಡ. ನಮ್ಮ ಸೇವಂತಿಗೆ, ಚೆಂಡುಹೂವು, ಸೂರ್ಯಕಾಂತಿಯ ಕುಟುಂಬಕ್ಕೆ ಸೇರಿದ್ದು. ನಡುವೆ ಕಂದು ಬಣ್ಣದ ಮುಳ್ಳುಮುಳ್ಳಾದ ಗುಬುಟು, ಸುತ್ತ ಕೆಳಗೆ ಬಾಗಿದ ನೇರಳೆ ಎಸಳು. ಅಲ್ಲಿನ ಬಯಲುಸೀಮೆಯ ಮೂಲನಿವಾಸಿಗಳು ಇದರ ಬೇರನ್ನು ಹಲ್ಲುನೋವು, ಗಂಟಲುನೋವು, ಹಾವಿನ ಕಡಿತಕ್ಕೆಲ್ಲ ಬಳಸುತ್ತಿದ್ದರು. 1880ರ ದಶಕದಲ್ಲಿ ನೆಬ್ರಾಸ್ಕಾದ ಮೆಯರ್ ಎಂಬಾತ ಅದನ್ನು ರಕ್ತ ಶುದ್ಧಿಯ ಔಷಧಿ ಅಂತ ಮಾರಲು ಶುರುಮಾಡಿದ. ಅಲ್ಲಿಂದ ಅದು ಅಮೆರಿಕದ ವೈದ್ಯರ ಕೈಗೆ ಬಂತು, 1930ರ ದಶಕದಲ್ಲಿ ಜರ್ಮನಿಗೆ ಹೋಯಿತು. ಇವತ್ತು ಮಾತ್ರೆ, ಕ್ಯಾಪ್ಸೂಲ್, ಚಹಾ, ಟಿಂಕ್ಚರ್ ಎಲ್ಲ ರೂಪದಲ್ಲೂ ಸಿಗುತ್ತದೆ.

ಒಂದು ಕ್ಯಾಪ್ಸೂಲ್ ಬಿಡಿಸಿ ನೋಡಿದರೆ ಹಸಿರು ಮಿಶ್ರಿತ ಕಂದು ಪುಡಿ, ಒಣಹುಲ್ಲಿನ ವಾಸನೆ. ಒಳ್ಳೆಯ ಬೇರಿನ ಪುಡಿಯಾದರೆ ನಾಲಿಗೆಗೆ ತಾಗಿಸಿದ ಕೂಡಲೇ ಚುರುಚುರು ಅನ್ನುತ್ತದೆ, ಆಮೇಲೆ ಸ್ವಲ್ಪ ಜೋಮು ಹಿಡಿಯುತ್ತದೆ. ತೋಟದ ಬದಿಯಲ್ಲಿ ಹಳದಿ ಮೊಗ್ಗು ಬಿಡುವ ಒಂದು ಸಣ್ಣ ಗಿಡ ಇದೆ, ಹಲ್ಲುನೋವಾದಾಗ ಹಿರಿಯರು ಆ ಮೊಗ್ಗು ಜಗಿಯಲು ಹೇಳುತ್ತಿದ್ದರು, ನೆನಪಿದೆಯಾ? ಅದರಲ್ಲೂ ಇದೇ ಜಾತಿಯ ರಾಸಾಯನಿಕ ಇದೆ. ಆಲ್ಕಮೈಡ್ ಅಂತ ಕರೆಯುತ್ತಾರೆ. ಪ್ರಯೋಗಾಲಯದಲ್ಲಿ ಎಕಿನೇಸಿಯಾದ ಸಾರ ಬಿಳಿ ರಕ್ತಕಣಗಳ ಮೇಲೆ ಪರಿಣಾಮ ಮಾಡುವುದು ಕಂಡಿದೆ. ಅಷ್ಟು ನಿಜ. ಆದರೆ ಗಾಜಿನ ತಟ್ಟೆಯಲ್ಲಿ ಕಂಡದ್ದು ಮನುಷ್ಯನ ಮೂಗು, ಗಂಟಲಿನಲ್ಲೂ ಹಾಗೇ ಆಗಬೇಕೆಂದೇನಿಲ್ಲ.

ಅದಕ್ಕೇ ಮನುಷ್ಯರ ಮೇಲೆ ಪರೀಕ್ಷೆಗಳಾದವು. 2005ರಲ್ಲಿ ವರ್ಜೀನಿಯಾ ವಿಶ್ವವಿದ್ಯಾಲಯದವರು 437 ಸ್ವಯಂಸೇವಕರನ್ನು ಸೇರಿಸಿಕೊಂಡು, ಶೀತದ ವೈರಸ್ಸನ್ನೇ ಮೂಗಿಗೆ ಹಾಕಿ ನೋಡಿದರು. ಎಕಿನೇಸಿಯಾ ತೆಗೆದುಕೊಂಡವರಿಗೂ, ಔಷಧಿಯೇ ಇಲ್ಲದ ದ್ರವ ಕುಡಿದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. 2010ರಲ್ಲಿ ವಿಸ್ಕಾನ್ಸಿನ್‌ನಲ್ಲಿ 719 ಜನರ ಮೇಲೆ ಇನ್ನೊಂದು ಅಧ್ಯಯನ ನಡೆಯಿತು. ಒಂದು ವಾರ ಇರುವ ಶೀತ ಅರ್ಧ ದಿನ ಬೇಗ ಕಡಿಮೆಯಾದ ಹಾಗೆ ಕಂಡಿತು, ಆದರೆ ಅದು ಸುಮ್ನೆ ಆಕಸ್ಮಿಕವಾಗಿಯೂ ಬರಬಹುದಾದಷ್ಟು ಸಣ್ಣ ವ್ಯತ್ಯಾಸ. 2014ರಲ್ಲಿ, ವೈದ್ಯಕೀಯ ಅಧ್ಯಯನಗಳನ್ನು ತೂಗಿ ನೋಡುವ ಕಾಕ್ರೇನ್ ಸಂಸ್ಥೆ ಇಂಥ 24 ಪರೀಕ್ಷೆಗಳನ್ನು ಒಟ್ಟಿಗೆ ಇಟ್ಟು ನೋಡಿತು. ಬಂದ ಶೀತವನ್ನು ಇದು ಗುಣಪಡಿಸುತ್ತದೆ ಅನ್ನಲು ಆಧಾರ ಸಿಗಲಿಲ್ಲ. ಬರುವ ಶೀತವನ್ನು ತಡೆಯುವುದರಲ್ಲಿ ಸ್ವಲ್ಪ ಪ್ರಯೋಜನ ಇರಬಹುದೇನೋ ಅನ್ನುವ ಸುಳಿವು ಮಾತ್ರ ಸಿಕ್ಕಿತು. ನನ್ನನ್ನು ಕೇಳಿದರೆ, ಇಷ್ಟು ಸಣ್ಣ ಪ್ರಯೋಜನಕ್ಕೆ ಇಷ್ಟು ದುಡ್ಡು ಬೇಡ.

ಇನ್ನೊಂದು ವಿಷಯ, ಬಾಟಲಿಯ ಮೇಲೆ ಬರೆದದ್ದೇ ಒಳಗಿದೆಯಾ ಅನ್ನುವುದು. ಆಟಿ ಅಮಾವಾಸ್ಯೆಗೆ ನಾವು ಪಾಲೆ ಮರದ ಕೆತ್ತೆಯ ಕಷಾಯ ಕುಡಿಯುತ್ತೇವೆ, ಅಲ್ವಾ? ಬೆಳಕು ಹರಿಯುವ ಮೊದಲೇ ಹೋಗಿ ಕಲ್ಲಿನಿಂದ ಜಜ್ಜಿ ಕೆತ್ತೆ ತರುವ ಕ್ರಮ. ಆದರೆ ತಿಳಿದ ಹಿರಿಯರು ಹಿಂದಿನ ದಿನವೇ ಹೋಗಿ ಮರ ಗುರುತು ಮಾಡಿಟ್ಟು ಬರುತ್ತಾರೆ. ಕತ್ತಲೆಯಲ್ಲಿ ಮರ ತಪ್ಪಿ ವಿಷದ ಮರವಾದ ಕಾಸರಕನ ಕೆತ್ತೆ ಬಂದರೆ ಜೀವಕ್ಕೇ ಅಪಾಯ. ಹಾಗೆ ಆದದ್ದನ್ನು ಪತ್ರಿಕೆಯಲ್ಲಿ ಓದಿದ್ದೇವೆ. ಎಕಿನೇಸಿಯಾದ ಕಥೆಯಲ್ಲೂ ಈ ಗುರುತಿನ ಗೊಂದಲ ಇದೆ. ಔಷಧಿಗೆ ಬಳಸುವ ಎಕಿನೇಸಿಯಾದಲ್ಲೇ ಮೂರು ಬಗೆ. ಒಂದರ ಬೇರು, ಇನ್ನೊಂದರ ಎಲೆ ಮತ್ತು ಹೂವು, ಹೀಗೆ ಬೇರೆ ಬೇರೆ ಭಾಗ ಬಳಸುತ್ತಾರೆ. ಒಂದರ ಗುಣ ಇನ್ನೊಂದಕ್ಕಿಲ್ಲ. ಹಿಂದೆ ಎಕಿನೇಸಿಯಾ ಬೇರಿನ ಹೆಸರಿನಲ್ಲಿ ಪಾರ್ಥೇನಿಯಂ ಜಾತಿಯ ಒಂದು ಅಮೆರಿಕನ್ ಗಿಡದ ಬೇರನ್ನು ಬೆರೆಸಿ ಮಾರಿದ್ದೂ ಉಂಟು. ನಮ್ಮ ರಸ್ತೆ ಬದಿಯ ಕಾಂಗ್ರೆಸ್ ಗಿಡಕ್ಕೆ ಅದು ಹತ್ತಿರದ ಸಂಬಂಧಿ. ಅಮೆರಿಕದ ಡೆನ್ವರಿನಲ್ಲಿ ಅಂಗಡಿಗಳಿಂದ 59 ಬಗೆಯ ಎಕಿನೇಸಿಯಾ ತಂದು ಪರೀಕ್ಷಿಸಿ 2003ರಲ್ಲಿ ಫಲಿತಾಂಶ ಪ್ರಕಟಿಸಿದರು. 6ರಲ್ಲಿ ಎಕಿನೇಸಿಯಾವೇ ಇರಲಿಲ್ಲ. ಲೇಬಲ್ಲಿನಲ್ಲಿ ಬರೆದ ಬಗೆಯೇ ಒಳಗೂ ಇದ್ದದ್ದು 31ರಲ್ಲಿ ಮಾತ್ರ.

ಅಮೆರಿಕದಲ್ಲಿ 1994ರ ಕಾನೂನಿನಂತೆ ಇಂಥ ಪೂರಕಗಳನ್ನು, ಅಂದರೆ ಸಪ್ಲಿಮೆಂಟುಗಳನ್ನು, ಮಾರುವ ಮೊದಲು, ಇದರಿಂದ ಗುಣ ಸಿಗುತ್ತದೆ ಅಂತ ಸಾಬೀತು ಮಾಡಿ ತೋರಿಸಬೇಕಾಗಿಲ್ಲ. ನಮ್ಮಲ್ಲಿ ಮಾರುವ ಪೂರಕವಾದರೆ ದೇಶದ ಆಹಾರ ಸುರಕ್ಷತಾ ಸಂಸ್ಥೆಯಾದ ಎಫ್‌ಎಸ್‌ಎಸ್‌ಎಐಯ 14 ಅಂಕಿಯ ಲೈಸೆನ್ಸ್ ನಂಬರ್ ಇರಬೇಕು, ಇದು ಔಷಧಿಯಾಗಿ ಬಳಸುವುದಕ್ಕಲ್ಲ ಅಂತಲೂ ಬರೆದಿರಬೇಕು. ಆ ಸಾಲನ್ನು ಯಾರೂ ಓದುವುದಿಲ್ಲ. ದಯವಿಟ್ಟು ಓದಿ.

ಈಗ ಯಾರು ಇದನ್ನು ಮುಟ್ಟಲೇಬಾರದು ಅನ್ನುವುದಕ್ಕೆ ಬರುತ್ತೇನೆ. ನಮ್ಮ ಅಂಗಡಿಗೆ ಬರುವ ಒಬ್ಬ ಅಕ್ಕನಿಗೆ ಸಂಧಿವಾತ. ಬೆರಳಿನ ಗಂಟುಗಳೆಲ್ಲ ಬಾತು, ಬೆಳಿಗ್ಗೆ ಹಿಡಿಸೂಡಿ ಹಿಡಿಯಲೂ ಆಗುತ್ತಿರಲಿಲ್ಲ. ವಾರಕ್ಕೊಂದು ದಿನ ಮೆಥೊಟ್ರೆಕ್ಸೇಟ್ ಮಾತ್ರೆ ತೆಗೆದುಕೊಳ್ಳಲು ಶುರುಮಾಡಿದ ಮೇಲೆ ಸುಧಾರಿಸಿದ್ದಾರೆ. ಅವರ ಸಂಚಿಯಲ್ಲೂ ಈ ಬಾಟಲಿ ಇತ್ತು. ಬೇಡ ಅಕ್ಕ ಅಂದೆ. "ಮಗ ಕಳಿಸಿದ್ದಲ್ವಾ ಮಾರಾಯ್ರೇ, ಹಾಳು ಮಾಡುವುದು ಹೇಗೆ?" ಅಂದರು. ಅವರ ಬೇಸರ ನನಗೆ ಅರ್ಥವಾಯಿತು. ಆದರೆ ಅವರ ಕಾಯಿಲೆ ಏನು? ಮೈಯ ರೋಗನಿರೋಧಕ ಶಕ್ತಿಯೇ ತಪ್ಪಿ ತನ್ನ ಗಂಟುಗಳ ಮೇಲೆ ಬೀಳುವುದು. ಅದನ್ನು ತಗ್ಗಿಸಲು ವೈದ್ಯರು ಮಾತ್ರೆ ಕೊಟ್ಟಿದ್ದಾರೆ. ಅದೇ ಹೊತ್ತಿಗೆ ಆ ಶಕ್ತಿಯನ್ನು ಕೆರಳಿಸಬಹುದಾದದ್ದನ್ನು ನುಂಗಿದರೆ ಹೇಗೆ? ಮೇಲಾಗಿ ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುವವರು ಲಿವರಿನ ಮೇಲೆ ಕಣ್ಣಿಟ್ಟಿರಬೇಕು. ಅಲ್ಲಿಗೆ ಇನ್ನೊಂದು ಹೊರೆ ಯಾಕೆ? ಕಡೆಗೆ ಅವರೇ ಮಗನಿಗೆ ಫೋನ್ ಮಾಡಿ ವಿಷಯ ಹೇಳಿದರು.

ಹೀಗೇ ರೋಗನಿರೋಧಕ ಶಕ್ತಿ ತನ್ನ ಮೈಯ ಮೇಲೇ ಬೀಳುವ ಲೂಪಸ್, ಮಲ್ಟಿಪಲ್ ಸ್ಕ್ಲೆರೋಸಿಸ್‌ನಂಥ ಕಾಯಿಲೆ ಇರುವವರಿಗೂ ಇದೇ ಮಾತು. ಕಿಡ್ನಿ ಬದಲಿಸಿಕೊಂಡು ಅದಕ್ಕೆ ಮಾತ್ರೆ ತೆಗೆದುಕೊಳ್ಳುವವರು, ಕ್ಷಯದ ಚಿಕಿತ್ಸೆಯಲ್ಲಿರುವವರು ತಾವಾಗಿ ಇದಕ್ಕೆ ಕೈ ಹಾಕಬಾರದು. ಕಾಂಗ್ರೆಸ್ ಗಿಡ ತಾಗಿದರೆ ಮೈ ತುರಿಸುವವರು, ಸೇವಂತಿಗೆ ಹತ್ತಿರ ಬಂದರೆ ಸೀನು ಬರುವವರು, ದಮ್ಮು ಇರುವವರು ಜಾಗ್ರತೆ. ಒಂದೇ ಕುಟುಂಬದ ಗಿಡಗಳಾದ್ದರಿಂದ ಅಲರ್ಜಿ ಜೋರಾಗಬಹುದು. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು ವೈದ್ಯರನ್ನು ಕೇಳದೆ ತೆಗೆದುಕೊಳ್ಳುವುದೇ ಬೇಡ.

ಮಕ್ಕಳ ವಿಷಯದಲ್ಲಿ ನಾನು ಇನ್ನೂ ಗಟ್ಟಿಯಾಗಿ ಹೇಳುತ್ತೇನೆ. 2003ರಲ್ಲಿ 2ರಿಂದ 11 ವರ್ಷದ 407 ಮಕ್ಕಳ ಮೇಲೆ ನಡೆದ ಅಧ್ಯಯನದಲ್ಲಿ ಶೀತ ಬೇಗ ಹೋಗಲಿಲ್ಲ, ಮೈಮೇಲೆ ದದ್ದು ಏಳುವುದು ಮಾತ್ರ ಜಾಸ್ತಿಯಾಯಿತು. ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ 12 ವರ್ಷದೊಳಗಿನ ಮಕ್ಕಳಿಗೆ ಎಕಿನೇಸಿಯಾ ಕೊಡಬೇಡಿ ಅಂತ 2012ರಲ್ಲೇ ಹೇಳಿದೆ. ಬೇರೇನೂ ಕಾಯಿಲೆ ಇಲ್ಲದ ದೊಡ್ಡವರು ಶೀತ ಶುರುವಾದಾಗ ತೆಗೆದುಕೊಂಡರೆ ಸಾಮಾನ್ಯವಾಗಿ ದೊಡ್ಡ ತೊಂದರೆ ಆಗುವುದಿಲ್ಲ. ಹೊಟ್ಟೆ ತೊಳಸಬಹುದು, ಅಷ್ಟೆ. ಆದರೆ ಯುರೋಪಿನ ಮಾರ್ಗಸೂಚಿ ಕೂಡ 10 ದಿನಕ್ಕಿಂತ ಜಾಸ್ತಿ ಬೇಡ ಅನ್ನುತ್ತದೆ. ವರ್ಷವಿಡೀ ಬೆಳಿಗ್ಗೆ ಒಂದು, ರಾತ್ರಿ ಒಂದು ಅಂತ ನುಂಗುವ ವಸ್ತು ಇದಲ್ಲ.

ನನಗೆ ನಿಜವಾಗಿ ಭಯವಾಗುವುದು ಬಾಟಲಿಯ ಬಗ್ಗೆ ಅಲ್ಲ, ಅದನ್ನು ನಂಬಿಕೊಂಡು ಕಳೆದುಹೋಗುವ ದಿನಗಳ ಬಗ್ಗೆ. ನಮ್ಮ ಊರಿನ ಮಳೆಗಾಲದ ಜ್ವರ ಅಮೆರಿಕದ ಚಳಿಗಾಲದ ಶೀತ ಅಲ್ಲ. ಇಲ್ಲಿ ಡೆಂಗ್ಯೂ ಇದೆ, ಇಲಿಜ್ವರ ಇದೆ. ಅಡಿಕೆ ತೋಟದಲ್ಲಿ ಬಿದ್ದ ಹಾಳೆ, ರಬ್ಬರ್ ಮರಕ್ಕೆ ಕಟ್ಟಿದ ಚಿರಟೆ, ಕೊಕ್ಕೋ ಕೋಡಿನ ಸಿಪ್ಪೆ, ಎಲ್ಲದರಲ್ಲೂ ಒಂದು ಸೇರು ಅಕ್ಕಿ ಬೇಯಿಸಲೂ ಸಾಕಾಗದಷ್ಟು ನೀರು ನಿಲ್ಲುತ್ತದೆ. ಡೆಂಗ್ಯೂ ಸೊಳ್ಳೆಗೆ ಅಷ್ಟು ಧಾರಾಳ ಸಾಕು. ಬರಿಗಾಲಲ್ಲಿ ತೋಟದ ಕಣಿಗೆ ಇಳಿಯುವವರಿಗೆ ಇಲಿಯ ಮೂತ್ರ ಸೇರಿದ ನೀರು ಕಾಲಿನ ಬಿರುಕಿನಿಂದಲೇ ಒಳಗೆ ಹೋಗುತ್ತದೆ. ಜ್ವರ, ಮೀನಖಂಡದಲ್ಲಿ ಸಹಿಸಲಾಗದ ನೋವು, ಕಣ್ಣು ಕೆಂಪು, ಇವಿಷ್ಟು ಕಂಡರೆ ಇಲಿಜ್ವರ ಅಲ್ಲ ಅಂತ ಗೊತ್ತಾಗುವ ತನಕ ಸುಮ್ಮನೆ ಕೂರಬಾರದು. ಮೊದಲೇ ಹಿಡಿದರೆ ಸಾಧಾರಣ ಆಂಟಿಬಯೋಟಿಕ್‌ನಿಂದ ವಾಸಿಯಾಗುತ್ತದೆ. ತಡವಾದರೆ ಕಿಡ್ನಿ, ಲಿವರಿಗೆ ಏರುತ್ತದೆ. ಅದನ್ನು ನಿಲ್ಲಿಸುವ ಶಕ್ತಿ ಎಕಿನೇಸಿಯಾಕ್ಕೂ ಇಲ್ಲ, ಒಳ್ಳೆಮೆಣಸು ಶುಂಠಿಯ ಕಷಾಯಕ್ಕೂ ಇಲ್ಲ. ಕಷಾಯ ಗಂಟಲಿಗೆ ಹಿತ, ಕುಡಿಯಿರಿ, ಸಂತೋಷ. ಜ್ವರದ ಲೆಕ್ಕವನ್ನು ಮಾತ್ರ ಅದರ ಮೇಲೆ ಬಿಡಬೇಡಿ.

ಇನ್ನೊಂದು ಸಂಕಟ ಹೇಳಲೇಬೇಕು. ಬಾಟಲಿಯ ಮೇಲಿನ ಬರಹ ಇಂಗ್ಲಿಷ್, ಅರಬಿಯಲ್ಲಿ. ಜ್ವರದ ಎಚ್ಚರಿಕೆಯ ಬೋರ್ಡು ಎಷ್ಟೋ ಕಡೆ ಮಲಯಾಳದಲ್ಲಿ ಮಾತ್ರ. ಕನ್ನಡ ಶಾಲೆಯಲ್ಲಿ ಕಲಿತ ನಮ್ಮ ಹಿರಿಯರಿಗೆ ಎರಡೂ ಓದಲು ಬರುವುದಿಲ್ಲ. ಮನೆಯಲ್ಲಿ ಮಲಯಾಳ ಓದಬಲ್ಲ ಮಕ್ಕಳಿದ್ದರೆ ಆ ಬೋರ್ಡನ್ನು ಅಜ್ಜ ಅಜ್ಜಿಗೆ ಓದಿ ಹೇಳಿ. ಮನೆಗೆ ಬರುವ ಆಶಾ ಕಾರ್ಯಕರ್ತೆಯ ಹತ್ತಿರ ಕೇಳಲು ಸಂಕೋಚ ಬೇಡ. ನೀರು ನಿಂತ ತೋಟದಲ್ಲಿ ಕೆಲಸ ಮಾಡುವವರಿಗೆ ಇಲಿಜ್ವರ ತಡೆಯಲು ವಾರಕ್ಕೊಮ್ಮೆ ತೆಗೆದುಕೊಳ್ಳುವ ಡಾಕ್ಸಿಸೈಕ್ಲಿನ್ ಮಾತ್ರೆಯನ್ನು ಸರಕಾರಿ ಆರೋಗ್ಯ ಕೇಂದ್ರದಲ್ಲಿ ಕೊಡುತ್ತಾರೆ. ನಿಮಗೆ ಅದು ಬೇಕಾ ಅಂತ ಅಲ್ಲಿನ ವೈದ್ಯರನ್ನೇ ಕೇಳಿ.

ಜ್ವರ ಬಂದಾಗ ಮೈ ಕೈ ನೋವಿಗೆ ಅಂತ ಬ್ರೂಫೆನ್, ಡೈಕ್ಲೋಫೆನಾಕ್ ಕೇಳಿಕೊಂಡು ನಮ್ಮಲ್ಲಿಗೆ ಬರುತ್ತಾರೆ. ಡೆಂಗ್ಯೂ ಆಗಿದ್ದರೆ ಅವು ರಕ್ತಸ್ರಾವ ಹೆಚ್ಚಿಸಬಹುದು. ವೈದ್ಯರು ನೋಡುವ ತನಕ ಪ್ಯಾರಾಸಿಟಮಾಲ್ ಸಾಕು, ಅದೂ ಹೇಳಿದ ಅಳತೆಯಲ್ಲಿ. ಗಂಜಿತಿಳಿ, ಎಳನೀರು ಧಾರಾಳ ಕುಡಿಯಿರಿ. ಜ್ವರ ಎರಡು ದಿನ ದಾಟಿದರೆ ಮತ್ತೆ ಕಾಯದೆ ರಕ್ತಪರೀಕ್ಷೆ ಮಾಡಿಸಿ. ವಾಂತಿ ನಿಲ್ಲದಿದ್ದರೆ, ಹೊಟ್ಟೆ ತುಂಬ ನೋವಿದ್ದರೆ, ವಸಡಿನಲ್ಲಿ ರಕ್ತ ಕಂಡರೆ ಎರಡು ದಿನವೂ ಕಾಯಬಾರದು. ಜ್ವರ ಬಿಟ್ಟಿತು ಅಂತ ಸಮಾಧಾನವಾಗುವ ಹೊತ್ತಿನಲ್ಲೇ ಡೆಂಗ್ಯೂ ಕೆಲವರಲ್ಲಿ ಜೋರಾಗುತ್ತದೆ. ಹಾಗಾಗಿ ಜ್ವರ ಇಳಿದ ಮೇಲೂ ಎರಡು ದಿನ ರೋಗಿಯ ಮೇಲೆ ಕಣ್ಣಿರಲಿ. ಈ ಲಕ್ಷಣ ಕಂಡರೆ ರಾತ್ರಿಯಾಗಲಿ, ಮಳೆಯಾಗಲಿ, ಆಸ್ಪತ್ರೆಗೆ ಹೊರಡಿ. ಹೊರಡುವಾಗ ರೋಗಿ ಏನೇನು ಮಾತ್ರೆ, ಪುಡಿ, ಕಷಾಯ ತೆಗೆದುಕೊಂಡಿದ್ದಾರೆ ಅನ್ನುವುದನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ವೈದ್ಯರು ಮೊದಲು ಕೇಳುವುದು ಅದನ್ನೇ.

ನಮಸ್ಕಾರ.