ಶಾಸಕರ ಕೆಲಸ ಕಾಣುವುದು ನಡಾವಳಿ ಪುಸ್ತಕದಲ್ಲಿ

ನಮಸ್ಕಾರ. ನಿಮ್ಮ ಕ್ಷೇತ್ರದ ಶಾಸಕರ ಫೇಸ್‌ಬುಕ್ ಪುಟ ತೆಗೆದು ಒಂದು ತಿಂಗಳ ಫೋಟೋಗಳನ್ನು ನೋಡುತ್ತಾ ಬನ್ನಿ. ಕಾಂಕ್ರೀಟ್ ರಸ್ತೆಗೆ ಗುದ್ದಲಿ ಪೂಜೆ, ಸಮುದಾಯ ಭವನದ ಉದ್ಘಾಟನೆ, ಮದುವೆ, ಗೃಹಪ್ರವೇಶ, ಜಾತ್ರೆಯ ತೇರು, ಸಾವಿನ ಮನೆಯಲ್ಲಿ ಸಾಂತ್ವನ. ಇದನ್ನು ನಾನು ಹಗುರವಾಗಿ ಹೇಳುತ್ತಿಲ್ಲ. ಕಷ್ಟದ ದಿನ ಶಾಸಕರು ಮನೆ ಬಾಗಿಲಿಗೆ ಬಂದರೆ ಆ ಮನೆಯವರಿಗೆ ಅದು ದೊಡ್ಡದೇ. ಆದರೆ ಕಾನೂನು ಮತ್ತು ಸರ್ಕಾರಿ ಆದೇಶಗಳು ಶಾಸಕರ ಕೈಗೆ ಕೊಟ್ಟಿರುವ ಅಧಿಕಾರ ಈ ಫೋಟೋಗಳಲ್ಲಿ ಒಂದರಲ್ಲೂ ಇಲ್ಲ. ಅದು ಇರುವುದು ಕೆಲವೇ ಸಭೆಗಳಲ್ಲಿ. ಆ ಸಭೆಗಳಲ್ಲಿ ಏನಾಯಿತು ಎಂಬುದು ನಡಾವಳಿ ಎಂಬ ಹೆಸರಿನಲ್ಲಿ ಬರವಣಿಗೆಯಲ್ಲಿ ಉಳಿಯುತ್ತದೆ. ನಾವು ಅದನ್ನು ಕೇಳಿ ಓದುವುದಿಲ್ಲ. ಇವತ್ತು ನನ್ನ ವಾದ ಇಷ್ಟೇ: ಶಾಸಕರನ್ನು ಅಳೆಯಬೇಕಾದದ್ದು ನಡಾವಳಿಯಿಂದ.

ಮೊದಲು ಕೆಡಿಪಿ ಸಭೆಯಿಂದ ಶುರು ಮಾಡೋಣ. ಕರ್ನಾಟಕ ಅಭಿವೃದ್ಧಿ ಕಾರ್ಯಕ್ರಮಗಳ ತಾಲೂಕು ಮಟ್ಟದ ತ್ರೈಮಾಸಿಕ ಪರಿಶೀಲನಾ ಸಭೆ. ಅಧ್ಯಕ್ಷತೆ ಶಾಸಕರದ್ದು. ತಹಶೀಲ್ದಾರ್, ತಾಲೂಕು ಪಂಚಾಯಿತಿ ಇಒ (ಕಾರ್ಯನಿರ್ವಾಹಕ ಅಧಿಕಾರಿ), ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ), ತಾಲೂಕು ಆರೋಗ್ಯಾಧಿಕಾರಿ, ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ), ಲೋಕೋಪಯೋಗಿ, ಕುಡಿಯುವ ನೀರು, ವಿದ್ಯುತ್, ಕೃಷಿ, ಅರಣ್ಯ, ಹೀಗೆ ತಾಲೂಕಿನ ಇಡೀ ಆಡಳಿತ ಒಂದೇ ಕೋಣೆಯಲ್ಲಿ ಕೂರುವುದು ಈ ಸಭೆಯಲ್ಲಿ. ವರ್ಷಕ್ಕೆ ನಾಲ್ಕು ಸಲ ನಡೆಯಬೇಕು. ಐದು ವರ್ಷದ ಅವಧಿಗೆ 20 ಸಭೆ.

ಇದು ಎಲ್ಲಿ ಕೆಡುತ್ತದೆ? ಸಭೆ ಶುರುವಾದ ಕೂಡಲೇ ಒಂದೊಂದು ಇಲಾಖೆಯವರು ಪ್ರಗತಿ ವರದಿ ಓದುತ್ತಾರೆ. ಗುರಿ ಇಷ್ಟು, ಸಾಧನೆ ಇಷ್ಟು, ಶೇಕಡಾ ಇಷ್ಟು. ಶಾಸಕರು ಒಬ್ಬ ಎಂಜಿನಿಯರನ್ನು ಎಬ್ಬಿಸಿ ನಿಲ್ಲಿಸಿ ಗದರಿಸುತ್ತಾರೆ, ಮರುದಿನ ಪತ್ರಿಕೆಯಲ್ಲಿ 'ಅಧಿಕಾರಿಗಳಿಗೆ ತರಾಟೆ' ಎಂಬ ತಲೆಬರಹ ಬರುತ್ತದೆ. ಆ ತರಾಟೆಯಿಂದ ನಲ್ಲಿಯಲ್ಲಿ ನೀರು ಬರುವುದಿಲ್ಲ. ನೀರು ಬರಬೇಕಾದರೆ ನಡಾವಳಿಯಲ್ಲಿ ಮೂರು ವಿಷಯ ಇರಬೇಕು: ಯಾವ ಕೆಲಸ, ಯಾವ ಅಧಿಕಾರಿ, ಯಾವ ದಿನಾಂಕದೊಳಗೆ. ಮುಂದಿನ ಸಭೆಯ ಮೊದಲ ಕಾರ್ಯಸೂಚಿ ಹಿಂದಿನ ಸಭೆಯ ಅನುಪಾಲನಾ ವರದಿ, ಅಂದರೆ ಅಲ್ಲಿ ಹೇಳಿದ್ದರಲ್ಲಿ ಏನೇನು ಆಯಿತು ಎಂಬ ವರದಿ, ಆಗಿರಬೇಕು. 'ಸಂಬಂಧಪಟ್ಟವರು ಸೂಕ್ತ ಕ್ರಮ ವಹಿಸಲು ಸೂಚಿಸಲಾಯಿತು' ಎಂದು ಬರೆದ ನಡಾವಳಿಗೆ ಯಾರೂ ಹೊಣೆಯಲ್ಲ. 'ಇಂಥ ಊರಿನ ಅಂಗನವಾಡಿ ಚಾವಣಿ ದುರಸ್ತಿಗೆ ಅಂದಾಜು ಪಟ್ಟಿಯನ್ನು 15 ದಿನದೊಳಗೆ ಸಲ್ಲಿಸುವುದು' ಎಂದು ಬರೆದರೆ ಹದಿನಾರನೆಯ ದಿನ ಉತ್ತರ ಕೊಡಬೇಕಾದವರು ಯಾರು ಎಂಬುದು ಗೊತ್ತಿರುತ್ತದೆ.

ಶಿಫಾರಸು ಪತ್ರಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲೇ. ಶಾಸಕರ ಲೆಟರ್‌ಹೆಡ್ ಮೇಲೆ ಪತ್ರ ಬರೆಸಿಕೊಳ್ಳಲು ಜನ ಬೆಳಿಗ್ಗೆ ಆರು ಗಂಟೆಗೇ ಮನೆ ಮುಂದೆ ನಿಲ್ಲುತ್ತಾರೆ. ಆ ಪತ್ರ ಕಚೇರಿಗೆ ಹೋದಾಗ ಅಧಿಕಾರಿ ಅದರ ಮೂಲೆಯಲ್ಲಿ 'ನಿಯಮಾನುಸಾರ ಪರಿಶೀಲಿಸಿ' ಎಂದು ಬರೆದು ವಿಷಯ ನಿರ್ವಾಹಕರ ಮೇಜಿಗೆ ಕಳಿಸುತ್ತಾರೆ. ಒಂದೇ ಸೈಟಿಗೆ, ಒಂದೇ ಹುದ್ದೆಗೆ ಅದೇ ಶಾಸಕರ ನಾಲ್ಕು ಪತ್ರ ಬಂದಿರುವುದೂ ಉಂಟು. ಹಾಗಾಗಿ ಪತ್ರಕ್ಕೆ ತೂಕವಿಲ್ಲ.

ಇನ್ನು ಬಗರ್ ಹುಕುಂ ಸಮಿತಿ. ಹಳ್ಳಿಗಾಡಿನ ಕ್ಷೇತ್ರದಲ್ಲಿ ಶಾಸಕರ ಕೈಯಲ್ಲಿ ಇದಕ್ಕಿಂತ ದೊಡ್ಡ ಅಧಿಕಾರ ಇನ್ನೊಂದಿಲ್ಲ ಎಂದೇ ಹೇಳುತ್ತೇನೆ. ಮಂಜೂರಾತಿ ಇಲ್ಲದೆ ಸರ್ಕಾರಿ ಜಮೀನನ್ನು ಉಳುಮೆ ಮಾಡಿಕೊಂಡು ಬಂದವರು, ಅದನ್ನು ಸಕ್ರಮ ಮಾಡಿಕೊಡಿ ಎಂದು ನಮೂನೆ 50, 53, 57ರಲ್ಲಿ ಅರ್ಜಿ ಹಾಕಿದ್ದಾರೆ. ಭೂ ಕಂದಾಯ ಕಾಯ್ದೆಯಡಿ ಈ ಅರ್ಜಿಗಳನ್ನು ತೀರ್ಮಾನಿಸುವ ತಾಲೂಕು ಸಮಿತಿಗೆ ಶಾಸಕರು ಅಧ್ಯಕ್ಷರು, ತಹಶೀಲ್ದಾರ್ ಕಾರ್ಯದರ್ಶಿ. ನಮೂನೆ 57ಕ್ಕೆ ಮುಖ್ಯ ಷರತ್ತು ಏನೆಂದರೆ, 2005ರ ಜನವರಿ 1ಕ್ಕೂ ಮುಂಚಿನಿಂದ ಸಾಗುವಳಿ ಇರಬೇಕು.

ಇಲ್ಲಿ ತಪ್ಪು ಹಂತ ಹಂತವಾಗಿ ಆಗುತ್ತದೆ. ಚುನಾವಣೆ ಮುಗಿದ ಮೇಲೆ ಹೊಸ ಸಮಿತಿ ರಚನೆಯಾಗುವುದಕ್ಕೇ ತಿಂಗಳುಗಳು ಹಿಡಿಯುತ್ತವೆ. ಸದಸ್ಯ ಸ್ಥಾನಕ್ಕೆ ಪಕ್ಷದೊಳಗಿನ ಪೈಪೋಟಿ ಅದಕ್ಕೆ ಕಾರಣ. ಸಮಿತಿ ಆದ ಮೇಲೆ ಗ್ರಾಮ ಆಡಳಿತಾಧಿಕಾರಿಯ ಸ್ಥಳ ಪರಿಶೀಲನೆ, ಕಂದಾಯ ನಿರೀಕ್ಷಕರ ವರದಿ, ಸರ್ವೆ ನಕ್ಷೆ ಎಲ್ಲವೂ ಕೂಡಿ ಬರಬೇಕು. ಕೂಡಿ ಬಂದಾಗಲೂ ಗೋಮಾಳದ, ಅಂದರೆ ಊರಿನ ದನ ಮೇಯುವ ಜಮೀನಿನ, ಲೆಕ್ಕ ಅಡ್ಡ ನಿಲ್ಲುತ್ತದೆ. 100 ಜಾನುವಾರಿಗೆ 30 ಎಕರೆ ಗೋಮಾಳ ಉಳಿಸಬೇಕು. ಆ ಊರಿನ ಜಾನುವಾರು ಎಷ್ಟು, ಉಳಿದಿರುವ ಗೋಮಾಳ ಎಷ್ಟು ಎಂಬ ತಃಖ್ತೆ (ಲೆಕ್ಕದ ಪಟ್ಟಿ) ಇಲ್ಲದೆ ಮಂಜೂರು ಮಾಡಿದರೆ ಮೇಲ್ಮನವಿಯಲ್ಲಿ ಅದು ರದ್ದಾಗುತ್ತದೆ. ಪಟ್ಟಣದ ಗಡಿಯಿಂದ ನಿಗದಿತ ದೂರದೊಳಗಿನ ಜಮೀನು, ಅರಣ್ಯ ಎಂದು ದಾಖಲಾದ ಜಮೀನು, ಕೆರೆಯಂಗಳ ಇವುಗಳನ್ನೂ ಕೊಡುವಂತಿಲ್ಲ. ಈಗ ಉಪಗ್ರಹ ಚಿತ್ರ ನೋಡಿ ಷರತ್ತು ಹೇಳುವ ವರ್ಷ ಅಲ್ಲಿ ಸಾಗುವಳಿ ಇತ್ತೇ ಎಂದು ತಾಳೆ ಹಾಕುವ ವ್ಯವಸ್ಥೆ ಬಂದಿದೆ. ಅದು ಒಳ್ಳೆಯದು. ಆದರೆ ಮರದ ನೆರಳಿನಲ್ಲಿ, ತುಂಡು ತುಂಡಾಗಿ ಉಳುಮೆ ಮಾಡಿದ ಮಲೆನಾಡಿನ ಜಮೀನಿನಲ್ಲಿ ಚಿತ್ರವೊಂದನ್ನೇ ನಂಬಿ ಅರ್ಜಿ ತಿರಸ್ಕರಿಸುವುದು ಅನ್ಯಾಯ. ಸ್ಥಳಕ್ಕೆ ಹೋಗಿ ನೋಡಲೇಬೇಕು.

ಸಾಗುವಳಿ ಚೀಟಿ, ಅಂದರೆ ಮಂಜೂರಾತಿ ಪತ್ರ, ಕೈಗೆ ಬಂದರೂ ಪೋಡಿಯಾಗಿ (ಅಳತೆ ಮಾಡಿ ಜಮೀನು ಬೇರ್ಪಡಿಸಿ), ಪಹಣಿಯಲ್ಲಿ ಹೆಸರು ಕೂರುವವರೆಗೆ ರೈತನಿಗೆ ಬ್ಯಾಂಕ್ ಸಾಲವಿಲ್ಲ, ಬೆಳೆ ಪರಿಹಾರಕ್ಕೂ ತೊಡಕು. ವೇದಿಕೆಯ ಮೇಲೆ ಚೀಟಿ ಹಂಚಿದ ಫೋಟೋ ನೋಡಿದಾಗ ಕೇಳಬೇಕಾದ ಪ್ರಶ್ನೆ ಇದು: ಹೋದ ಸಲ ಚೀಟಿ ಪಡೆದವರಲ್ಲಿ ಎಷ್ಟು ಜನರ ಹೆಸರು ಪಹಣಿಗೆ ಬಂದಿದೆ?

ಈ ಜಮೀನಿನ ವಿಷಯ ಬಂದಾಗ ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು ನೆನಪಾಗುತ್ತಾರೆ. 1951ರಲ್ಲಿ ಸಾಗರದ ಹತ್ತಿರದ ಕಾಗೋಡಿನಲ್ಲಿ ಜಮೀನ್ದಾರರಿಗೆ ಕೊಡುವ ಗೇಣಿ ಬತ್ತವನ್ನು ಅಳೆಯುವ ಕೊಳಗ ಎಂಬ ಮಾಪದ ವಿಷಯಕ್ಕೆ ರೈತರು ಸಿಡಿದೆದ್ದರು. ಮರುವರ್ಷ ಗೋಪಾಲಗೌಡರು ಶಾಸಕರಾದರು. ಗೇಣಿದಾರರ ಪ್ರಶ್ನೆಯನ್ನು ಸದನದೊಳಗೆ ಬಿಡದೆ ಎತ್ತಿದರು. ಅವರು ತೀರಿಕೊಂಡದ್ದು 1972ರಲ್ಲಿ. ಉಳುವವನಿಗೇ ಭೂಮಿ ಎಂಬ ತಿದ್ದುಪಡಿ ಜಾರಿಗೆ ಬಂದದ್ದು 1974ರಲ್ಲಿ. ಕೊಳಗದ ಅಳತೆಯಂಥ ಒಂದೂರಿನ ಅಳಲು ರಾಜ್ಯದ ಕಾನೂನಿನವರೆಗೆ ಹೋಗುವ ದಾರಿಯಲ್ಲಿ ಸದನದ ಮಾತಿಗೆ ಎಷ್ಟು ಬೆಲೆ ಇದೆ ಎಂಬುದಕ್ಕೆ ನಮ್ಮಲ್ಲಿ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಹಾಗಾದರೆ ಇವತ್ತಿನ ಸದನ? ನಮ್ಮ ವಿಧಾನಸಭೆಯಲ್ಲಿ ಚುನಾಯಿತ ಸದಸ್ಯರು 224. ವರ್ಷಕ್ಕೆ ಕನಿಷ್ಠ 60 ದಿನ ಅಧಿವೇಶನ ನಡೆಯಬೇಕೆಂದು 2005ರಲ್ಲಿ ನಾವೇ ಕಾಯ್ದೆ ಮಾಡಿಕೊಂಡಿದ್ದೇವೆ. ಆ 60 ದಿನ ತುಂಬುವುದು ಅಪರೂಪ. ಇದು ಎಲ್ಲ ಪಕ್ಷಗಳ ಸರ್ಕಾರಕ್ಕೂ ಸೇರಿದ ಮಾತು. ದಿನ ಕಡಿಮೆಯಾದಷ್ಟೂ ಮೊದಲು ಪೆಟ್ಟು ಬೀಳುವುದು ಹಿಂದಿನ ಬೆಂಚಿನ ಶಾಸಕರಿಗೆ, ಅಂದರೆ ಅವರ ಕ್ಷೇತ್ರದ ಜನಕ್ಕೆ.

ಶಾಸಕರು ಚುಕ್ಕೆ ಗುರುತಿನ ಪ್ರಶ್ನೆ ಕೇಳಿದರೆ ಸಚಿವರು ಸದನದಲ್ಲಿ ಎದ್ದು ನಿಂತು ಉತ್ತರಿಸಬೇಕು, ಉಪಪ್ರಶ್ನೆಗೂ ಅವಕಾಶವಿದೆ. ಚುಕ್ಕೆ ಗುರುತಿಲ್ಲದ್ದಕ್ಕೆ ಬರೆದ ಉತ್ತರ ಬರುತ್ತದೆ. ಜನ ಚುಕ್ಕೆ ಗುರುತಿನದ್ದನ್ನೇ ದೊಡ್ಡದು ಎಂದುಕೊಳ್ಳುತ್ತಾರೆ. ನನ್ನ ಅಭಿಪ್ರಾಯ ಬೇರೆ. ಅಂಕಿ ಅಂಶ ಬೇಕಿದ್ದರೆ ಬರೆದ ಉತ್ತರವೇ ಮೇಲು, ಏಕೆಂದರೆ ಅದಕ್ಕೆ ಅನುಬಂಧ ಇರುತ್ತದೆ, ಊರುವಾರು ಪಟ್ಟಿ ಇರುತ್ತದೆ. ಆದರೆ ಪ್ರಶ್ನೆ ಹೇಗೆ ಬರೆದಿದ್ದಾರೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. 'ತಾಲೂಕಿನಲ್ಲಿ ಶುದ್ಧ ಕುಡಿಯುವ ನೀರಿನ ಘಟಕಗಳು ಕೆಟ್ಟಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ?' ಎಂದು ಕೇಳಿದರೆ 'ಬಂದಿದೆ' ಎಂಬ ಒಂದೇ ಪದದ ಉತ್ತರ ಬರುತ್ತದೆ. 'ಬಂದಿಲ್ಲ' ಎಂದರಂತೂ ಮುಂದಿನ ಉಪಭಾಗಗಳಿಗೆಲ್ಲ 'ಉದ್ಭವಿಸುವುದಿಲ್ಲ'. ಅದನ್ನೇ 'ಒಟ್ಟು ಘಟಕಗಳೆಷ್ಟು, ಇಂದು ನೀರು ಕೊಡುತ್ತಿರುವುದೆಷ್ಟು, ಪ್ರತಿ ಘಟಕದ ನಿರ್ವಹಣೆ ಯಾರದ್ದು, ಕಳೆದ ವರ್ಷ ನಿರ್ವಹಣೆಗೆ ಖರ್ಚಾದದ್ದೆಷ್ಟು, ಗ್ರಾಮವಾರು ವಿವರ ನೀಡುವುದು' ಎಂದು ಕೇಳಿದರೆ ತಪ್ಪಿಸಿಕೊಳ್ಳುವ ದಾರಿ ಕಡಿಮೆ. 'ಪರಿಶೀಲಿಸಲಾಗುವುದು' ಎಂದು ಸಚಿವರು ಸದನದಲ್ಲಿ ಹೇಳಿದರೆ ಅದನ್ನು ಬೆನ್ನು ಹತ್ತಲು ಭರವಸೆಗಳ ಸಮಿತಿ ಇದೆ. ಬೆನ್ನು ಹತ್ತುವ ಶಾಸಕರು ಬೇಕು ಅಷ್ಟೆ.

ನೀರಿನ ಘಟಕದ ಉದಾಹರಣೆಯನ್ನು ಬೇಕೆಂದೇ ತಂದೆ. ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ ರೂಪಾಯಿ. ಹಣ ಶಾಸಕರ ಕೈಗೆ ಬರುವುದಿಲ್ಲ. ಅವರು ಕಾಮಗಾರಿ ಸೂಚಿಸುತ್ತಾರೆ, ಮಂಜೂರು ಮಾಡಿ ಬಿಡುಗಡೆ ಮಾಡುವವರು ಜಿಲ್ಲಾಧಿಕಾರಿ. ಈ ನಿಧಿಯಲ್ಲಿ ಕಟ್ಟಬಹುದು, ಆದರೆ ಕಟ್ಟಿದ್ದನ್ನು ಸಾಕುವ ಹಣ ಬೇರೆ ಕಡೆಯಿಂದ ಬರಬೇಕು. ಹೈಮಾಸ್ಟ್ ದೀಪ ಹಾಕಿಸಿದರೆ ಕರೆಂಟ್ ಬಿಲ್ಲು ಪಂಚಾಯಿತಿ ತಲೆಗೆ. ನೀರಿನ ಘಟಕ ಕೂರಿಸಿದರೆ ಫಿಲ್ಟರು, ನೀರು ಸೋಸುವ ಪೊರೆಯಾದ ಮೆಂಬ್ರೇನು ಬದಲಿಸುವವರು ಯಾರು? ಗಡಸು ನೀರಿನ ಬೋರ್‌ವೆಲ್ ಆಗಿದ್ದರೆ ಮೆಂಬ್ರೇನಿನ ಮೇಲೆ ಸುಣ್ಣ ಕಟ್ಟಿ ನೀರಿನ ಧಾರೆ ಸಣ್ಣಗಾಗುತ್ತದೆ, ಆಮೇಲೆ ನಾಣ್ಯ ಹಾಕುವ ಪೆಟ್ಟಿಗೆ ಕೆಡುತ್ತದೆ, ಒಂದು ದಿನ ಬೀಗ ಬೀಳುತ್ತದೆ. ಯಂತ್ರ ಕೂರಿಸುವ ಮೊದಲೇ ನೀರಿನ ಪರೀಕ್ಷೆ ಮಾಡಿಸಿ, ನಿರ್ವಹಣೆಗೆ ಪಂಚಾಯಿತಿ ಅಥವಾ ಸ್ವಸಹಾಯ ಸಂಘದ ಜೊತೆ ಒಪ್ಪಂದ ಬರೆಸಿಟ್ಟ ಶಾಸಕರು ನಿಜವಾಗಿ ಕೆಲಸ ಮಾಡಿದವರು.

ಕಾಮಗಾರಿ ತುಂಡು ಮಾಡುವುದು ಇನ್ನೊಂದು ರೋಗ. ಟೆಂಡರ್ ಕರೆಯಬೇಕಾದ ಮಿತಿಗಿಂತ ಕೆಳಗೆ ಇಳಿಸಲು ಒಂದೇ ರಸ್ತೆಯನ್ನು ಇಂಥವರ ಮನೆಯಿಂದ ಇಂಥವರ ಮನೆವರೆಗೆ ಎಂದು ನಾಲ್ಕು ತುಂಡು ಮಾಡುತ್ತಾರೆ. ನಾಲ್ಕು ತುಂಡಿಗೂ ಬೇರೆ ಬೇರೆ ಅಂದಾಜು, ಮಟ್ಟ ಹೊಂದುವುದಿಲ್ಲ, ಸೇರುವ ಜಾಗದಲ್ಲಿ ನೀರು ನಿಲ್ಲುತ್ತದೆ. ಕ್ರಿಯಾ ಯೋಜನೆಯ ಪಟ್ಟಿಯಲ್ಲಿ ಒಂದೇ ಬೀದಿಯ ಹೆಸರು ಮೂರು ಸಲ ಕಂಡರೆ ಅಲ್ಲಿ ನಿಲ್ಲಿ, ಕೇಳಿ. ತಾಲೂಕು ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿ, ಸರ್ಕಾರಿ ಕಾಲೇಜಿನ ಅಭಿವೃದ್ಧಿ ಸಮಿತಿ ಇವಕ್ಕೂ ಶಾಸಕರೇ ಅಧ್ಯಕ್ಷರು. ಸಭೆ ಕರೆಯದಿದ್ದರೆ ಖಾತೆಯಲ್ಲಿರುವ ಹಣ ಹಾಗೇ ಕೂರುತ್ತದೆ, ಆಸ್ಪತ್ರೆಯ ಜನರೇಟರ್ ಡೀಸೆಲ್ ಇಲ್ಲದೆ ನಿಂತಿರುತ್ತದೆ.

ಇದನ್ನೆಲ್ಲ ತಿಳಿಯುವುದು ಹೇಗೆ? ಮಾಹಿತಿ ಹಕ್ಕು ಅರ್ಜಿ. ಶುಲ್ಕ 10 ರೂಪಾಯಿಯ ಪೋಸ್ಟಲ್ ಆರ್ಡರ್. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಬಹಳ ಅರ್ಜಿಗಳು ತಿರಸ್ಕಾರವಾಗುವುದು ಇಲ್ಲೇ, ಎಲ್ಲವನ್ನೂ ಒಂದೇ ಹಾಳೆಯಲ್ಲಿ ಕೇಳಿಬಿಡುತ್ತಾರೆ. ಹಾಗಾಗಿ ಕೆಡಿಪಿಗೆ ಒಂದು, ಬಗರ್ ಹುಕುಂ ಸಮಿತಿಗೆ ಇನ್ನೊಂದು ಬರೆಯಿರಿ. ಕೆಡಿಪಿಯದ್ದು ತಾಲೂಕು ಪಂಚಾಯಿತಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ, ಬಗರ್ ಹುಕುಂ ತಾಲೂಕು ಕಚೇರಿಗೆ. 'ಏಕೆ ಮಾಡಿಲ್ಲ' ಎಂದು ಕೇಳಬೇಡಿ. ಕಾರಣ ಕೇಳಿದರೆ ಅದು ಮಾಹಿತಿಯಲ್ಲ ಎಂದು ತಳ್ಳಿಹಾಕುತ್ತಾರೆ. ದಾಖಲೆ ಕೇಳಿ, ಹೀಗೆ: 'ಕಳೆದ ಎರಡು ವರ್ಷಗಳಲ್ಲಿ ನಡೆದ ತಾಲೂಕು ಮಟ್ಟದ ತ್ರೈಮಾಸಿಕ ಕೆಡಿಪಿ ಸಭೆಗಳ ನಡಾವಳಿ, ಹಾಜರಾತಿ ಮತ್ತು ಅನುಪಾಲನಾ ವರದಿಗಳ ದೃಢೀಕೃತ ಪ್ರತಿ ನೀಡುವುದು.' 30 ದಿನದೊಳಗೆ ಉತ್ತರ ಬರಬೇಕು, ಬರದಿದ್ದರೆ ಮೊದಲ ಮೇಲ್ಮನವಿ. ನಡಾವಳಿಯ ಕಟ್ಟು ಕೈಗೆ ಬಂದಾಗ ಮೊದಲು ಹಾಜರಾತಿ ಹಾಳೆ ತೆಗೆಯಿರಿ. ಯಾವ ಇಲಾಖೆಯ ಮುಖ್ಯಸ್ಥರು ತಾವು ಬಾರದೆ ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ) ಒಬ್ಬರನ್ನು ಕಳಿಸಿದ್ದಾರೆ ಎಂಬುದು ಅಲ್ಲಿ ಸಹಿಯಲ್ಲೇ ಕಾಣುತ್ತದೆ. ನಿಮ್ಮ ಊರಿನ ಕೆಲಸ ಎಲ್ಲಿ ನಿಂತಿದೆ ಎಂಬ ಹುಡುಕಾಟವನ್ನು ಆ ಹಾಳೆಯಿಂದಲೇ ಶುರು ಮಾಡಿ.